ಸ್ಕ್ರೈಬ್ ಇರುವ ಕೊಠಡಿಗೆ ನಿಮ್ಮ ಡ್ಯೂಟಿ ಬಿದ್ದರೆ

ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಮೊದಲು ನಡೆಯುವ ಪೂರ್ವಭಾವಿ ಸಭೆಯಲ್ಲಿ ಬಂಡಲ್ ಕಟ್ಟುವುದು, ಸಹಿ ಹಾಕಿಸುವುದು, ಸಿಸಿ ಕ್ಯಾಮೆರಾ, ಮೊಬೈಲ್ ಒಪ್ಪಿಸುವುದು ಎಲ್ಲದರ ಬಗ್ಗೆ ವಿವರವಾಗಿ ಮಾತಾಗುತ್ತದೆ. ಸ್ಕ್ರೈಬ್, ಅಂದರೆ ಮಗು ಹೇಳಿದ್ದನ್ನು ಬರೆದುಕೊಡುವ ಬರಹಗಾರನನ್ನು ತೆಗೆದುಕೊಳ್ಳುವ ಮಕ್ಕಳ ವಿಷಯ ಬರುವುದು ಕೊನೆಗೆ, ಎಲ್ಲರೂ ಬ್ಯಾಗು ಹೆಗಲಿಗೇರಿಸುವ ಹೊತ್ತಿಗೆ. "ಆ ರೂಮಿಗೆ ಯಾರನ್ನಾದ್ರೂ ಹಾಕಿ ಸಾರ್, ಅಲ್ಲೇನು ಕೆಲಸ ಇರುತ್ತೆ?" ಅನ್ನುತ್ತಾರೆ. ವಿಶೇಷ ಶಿಕ್ಷಕಿಯಾಗಿ ನನ್ನ ತಕರಾರು ಇರುವುದೇ ಈ ಮಾತಿನ ಬಗ್ಗೆ. ಮಕ್ಕಳು ತುಂಬಿದ ಹಾಲ್‌ಗಿಂತ ಒಂದು ಮಗು, ಒಬ್ಬ ಬರಹಗಾರ ಇರುವ ಸಣ್ಣ ಕೊಠಡಿಯಲ್ಲಿ ಮೇಲ್ವಿಚಾರಕರಿಗೆ ಕೆಲಸ ಜಾಸ್ತಿ. ಅದು ಬೇರೆ ಥರದ ಕೆಲಸ, ಅಷ್ಟೇ.

ದೊಡ್ಡ ಹಾಲ್‌ನಲ್ಲಿ ನೀವು ನೋಡುವುದು ಮಕ್ಕಳ ಕಣ್ಣು, ಕೈ. ಇಲ್ಲಿ ಕಿವಿ ಕೊಟ್ಟು ಕೇಳಬೇಕು. ಮಗು ಏನು ಹೇಳಿತು, ಪೆನ್ನು ಏನು ಬರೆಯಿತು, ಎರಡೂ ಒಂದೇನಾ? ಹೇಳಿದ್ದಕ್ಕಿಂತ ಹೆಚ್ಚು ಬರೆದರೂ ತಪ್ಪು, ಕಡಿಮೆ ಬರೆದರೂ ತಪ್ಪು. ನಮ್ಮಲ್ಲಿ ಹೆಚ್ಚು ಬರೆದದ್ದನ್ನು ಮಾತ್ರ ಅಕ್ರಮ ಅನ್ನುತ್ತೇವೆ. ಕಡಿಮೆ ಬರೆದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಮಗು ಐದು ವಾಕ್ಯ ಹೇಳಿರುತ್ತದೆ, ಬರಹಗಾರ ಮೂರು ಬರೆದು "ಆಯ್ತು, ಮುಂದಿನದು" ಅಂದಿರುತ್ತಾನೆ. ನಾಲ್ಕು ಅಂಕದ ಉತ್ತರ ಎರಡು ಅಂಕಕ್ಕೆ ಇಳಿಯಿತು. ಮೌಲ್ಯಮಾಪಕರಿಗೆ ಗೊತ್ತಾಗುವುದಿಲ್ಲ. ಕಣ್ಣು ಕಾಣದ ಮಗುವಿಗೂ ಗೊತ್ತಾಗುವುದಿಲ್ಲ.

ಹಾಗಾಗಿ ಬರೆದದ್ದನ್ನು ಓದಿ ಹೇಳುವುದು ಕಡ್ಡಾಯ ಅಂತ ಮೊದಲೇ ಹೇಳಿಬಿಡಿ. ಪ್ರತಿ ಉತ್ತರ ಮುಗಿದ ಮೇಲೆ ಬರಹಗಾರ ಅದನ್ನು ಇದ್ದದ್ದು ಇದ್ದ ಹಾಗೆ ಓದಬೇಕು. ತಿದ್ದಬೇಕು ಅಂದರೆ ಮಗುವೇ ಹೇಳಬೇಕು. ಉಳಿದ ಮಕ್ಕಳು ತಮ್ಮ ಉತ್ತರದ ಮೇಲೆ ಕಣ್ಣಾಡಿಸುತ್ತಾರಲ್ವಾ, ಇದೂ ಅದೇ.

ನೀವು ಎಲ್ಲಿ ಕೂರುತ್ತೀರಿ ಅನ್ನುವುದೂ ಮುಖ್ಯ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕಾರಿಡಾರ್ ನೋಡುತ್ತಾ ಕೂತರೆ ಏನೂ ಕೇಳಿಸುವುದಿಲ್ಲ. ಮಗುವಿನ ತಲೆಯ ಮೇಲೆ ನಿಂತರೆ ಅದರ ಬಾಯಿ ಕಟ್ಟಿಹೋಗುತ್ತದೆ. ಇಬ್ಬರ ಮಾತೂ ಕೇಳುವಷ್ಟು ಹತ್ತಿರ, ಬರಹಗಾರನ ಕೈ ಕಾಣುವ ಹಾಗೆ, ಒಂದು ಪಕ್ಕಕ್ಕೆ ಕೂರಿ. ಮಗು ಸುಮ್ಮನಿದ್ದಾಗ ಪೆನ್ನು ಓಡುತ್ತಿದ್ದರೆ ತಲೆಯೆತ್ತಿ ನೋಡಿ. ಹಿಂದೆ ಹೇಳಿದ್ದನ್ನು ಬರೆದು ಮುಗಿಸುತ್ತಿರಬಹುದು, ಇಲ್ಲದಿದ್ದರೆ ತನ್ನದೇ ಸೇರಿಸುತ್ತಿರಬಹುದು. "ಈಗ ಬರೆದದ್ದು ಓದಪ್ಪ" ಅಂದರೆ ಯಾವುದು ಅಂತ ತಿಳಿಯುತ್ತದೆ. ಕೂಗಾಡುವ ಅಗತ್ಯವೇ ಇಲ್ಲ.

ಉತ್ತರ ಹೇಳಿಕೊಡುವುದು ಅಂದರೆ ಪಿಸುಗುಟ್ಟುವುದು ಅಂತ ಎಲ್ಲರಿಗೂ ಗೊತ್ತು. ನಾನು ಕಂಡ ಹಾಗೆ ಅದು ನಡೆಯುವುದು ಇನ್ನೂ ನಯವಾಗಿ. ಬಹು ಆಯ್ಕೆ ಪ್ರಶ್ನೆ ಓದುವಾಗ ಮೂರು ಆಯ್ಕೆಯನ್ನು ಸರಸರ ಓದಿ, ನಾಲ್ಕನೆಯದನ್ನು ಮಾತ್ರ ನಿಧಾನವಾಗಿ ಎಳೆದು ಓದುವುದು. ಸರಿ ಉತ್ತರ ಹೇಳಿದಾಗ ಸುಮ್ಮನೆ ಬರೆದುಕೊಂಡು, ತಪ್ಪು ಹೇಳಿದಾಗ ಮಾತ್ರ "ಇನ್ನೊಂದ್ಸಲ ಯೋಚನೆ ಮಾಡು ಪುಟ್ಟ" ಅನ್ನುವುದು. ಹತ್ತನೇ ಕ್ಲಾಸಿನ ಮಗುವಿಗೆ ಅದರ ಅರ್ಥ ತಕ್ಷಣ ಹೊಳೆಯುತ್ತದೆ. ಬರಹಗಾರ ಕೇಳಬಹುದಾದ ಮಾತು ನನ್ನ ಲೆಕ್ಕದಲ್ಲಿ ಮೂರೇ: ಇನ್ನೊಮ್ಮೆ ಹೇಳು, ಅಕ್ಷರ ಬಿಡಿಸಿ ಹೇಳು, ಇಷ್ಟೇನಾ. ಇವನ್ನು ಸರಿ ಉತ್ತರಕ್ಕೂ ತಪ್ಪು ಉತ್ತರಕ್ಕೂ ಒಂದೇ ದನಿಯಲ್ಲಿ ಕೇಳಬೇಕು.

ಗಣಿತದಲ್ಲಿ ಇದು ಇನ್ನೂ ಸೂಕ್ಷ್ಮ. "ಎಕ್ಸ್ ಪ್ಲಸ್ ಮೂರರ ವರ್ಗ" ಅಂತ ಮಗು ಹೇಳಿತು ಅನ್ನಿ. ವರ್ಗ ಮೂರಕ್ಕೆ ಮಾತ್ರವೋ, ಇಡೀ ಮೊತ್ತಕ್ಕೋ? "ಆವರಣ ಬೇಡ್ವಾ?" ಅಂತ ಬರಹಗಾರ ಕೇಳಿದರೆ ಅರ್ಧ ಉತ್ತರ ಕೊಟ್ಟ ಹಾಗಾಯಿತು. ಕೇಳದೆ ತನಗೆ ತೋಚಿದಂತೆ ಬರೆದರೆ ಆ ಉತ್ತರ ಅವನದ್ದೇ ಆಯಿತು. ಇದಕ್ಕೆ ಪರಿಹಾರ ಪರೀಕ್ಷಾ ಕೊಠಡಿಯಲ್ಲಿ ಸಿಗುವುದಿಲ್ಲ, ತಿಂಗಳುಗಳ ಮೊದಲೇ ಅಭ್ಯಾಸ ಆಗಿರಬೇಕು. "ಆವರಣ ಶುರು, ಎಕ್ಸ್ ಪ್ಲಸ್ ಮೂರು, ಆವರಣ ಮುಗೀತು, ಘಾತ ಎರಡು." ಹೀಗೆ ಹೇಳಲು ಕಲಿತ ಮಗುವಿಗೆ ಯಾರ ಸುಳಿವೂ ಬೇಕಾಗುವುದಿಲ್ಲ.

ಕನ್ನಡ ಪತ್ರಿಕೆಯಲ್ಲಿ ಹಕಾರದ, ಮಹಾಪ್ರಾಣದ ತೊಂದರೆ. ಮೈಸೂರು ಕಡೆಯ ಎಷ್ಟೋ ಮಕ್ಕಳು "ಹಾಲು" ಅನ್ನುವುದು "ಆಲು" ಅಂತಲೇ ಕೇಳಿಸುತ್ತದೆ, "ಧನ"ಕ್ಕೂ "ದನ"ಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅವರೇ ಬರೆದಿದ್ದರೆ ಸರಿಯಾಗಿಯೇ ಬರೆಯುತ್ತಿದ್ದರು. ಸಮಾಜ, ವಿಜ್ಞಾನದಲ್ಲಿ ಬರಹಗಾರ ರೂಢಿಯ ಕಾಗುಣಿತದಲ್ಲಿ ಬರೆಯಲಿ, ಅಲ್ಲಿ ಅಳೆಯುತ್ತಿರುವುದು ವಿಷಯವನ್ನು. ಸಂಧಿ, ಸಮಾಸ, ತತ್ಸಮ-ತದ್ಭವ ಕೇಳಿದಲ್ಲಿ ಮಾತ್ರ ಮಗುವಿನಿಂದ ಅಕ್ಷರ ಬಿಡಿಸಿ ಹೇಳಿಸಬೇಕು. ಇದು ನನ್ನ ಅಭಿಪ್ರಾಯ. ನಿಮ್ಮ ಕೇಂದ್ರದ ಮುಖ್ಯ ಅಧೀಕ್ಷಕರು ಬೇರೆ ರೀತಿ ತೀರ್ಮಾನಿಸಿದರೂ ಪರವಾಗಿಲ್ಲ, ಅದನ್ನು ಮೊದಲ ದಿನವೇ ಎಲ್ಲ ಬರಹಗಾರರಿಗೂ ಒಂದೇ ರೀತಿ ಹೇಳಿರಬೇಕು.

ಇನ್ನು ಸಮಯ. ನಾನು ಅತಿ ಹೆಚ್ಚು ಜಗಳ ನೋಡಿರುವುದು ಇಲ್ಲಿಯೇ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ಹೆಚ್ಚುವರಿ ಸಮಯ, ಬರಹಗಾರರ ಸೌಲಭ್ಯ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಮೂರನ್ನೂ ಹೆಸರಿಸಿಯೇ ಹೇಳಿದೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಹೆಚ್ಚುವರಿ. ನಮ್ಮ ಪರೀಕ್ಷಾ ಮಂಡಳಿಯ ಆ ವರ್ಷದ ಸುತ್ತೋಲೆಯನ್ನು ಮೊದಲೇ ಓದಿ, ಮುಗಿಯುವ ಹೊತ್ತನ್ನು ಬೋರ್ಡಿನ ಮೇಲೆ ಬರೆದುಬಿಡಿ. ಸಂದೇಹಕ್ಕೆ ಜಾಗ ಇರಬಾರದು.

ಕಾಗದದ ಮೇಲಿನ ಈ ಸಮಯ ಮಗುವಿನ ಕೈಗೆ ಪೂರ್ತಿ ಸಿಗುವುದು ಕಮ್ಮಿ. ಉಳಿದ ಕೊಠಡಿಗಳಿಗೆ ಬೆಲ್ ಹೊಡೆಯುತ್ತದೆ. ಹೊರಗೆ ಗಲಾಟೆ ಶುರು. "ಎರಡನೇ ಪ್ರಶ್ನೆಗೆ ಏನ್ ಬರ್ದೆ?" ಅಂತ ಮಕ್ಕಳು ಕಿಟಕಿಯ ಹತ್ತಿರವೇ ಕೂಗಿಕೊಳ್ಳುತ್ತಾರೆ. ಕಚೇರಿಯಲ್ಲಿ ಬಂಡಲ್ ಕಟ್ಟುವ ಗಡಿಬಿಡಿ. ಮೇಲ್ವಿಚಾರಕರಿಗೆ ಊಟದ ಹೊತ್ತು, ಬಸ್ಸಿನ ಚಿಂತೆ. "ಇನ್ನೂ ಎಷ್ಟಿದೆ? ಬೇಗ ಬೇಗ ಹೇಳು" ಅನ್ನುವ ಮಾತು ಅವರಿಗೇ ತಿಳಿಯದೆ ಬಾಯಿಂದ ಬಂದಿರುತ್ತದೆ. ಮಗು ಎದ್ದು ಹೋಗುತ್ತದೆ. ದಾಖಲೆಯಲ್ಲಿ ಮಾತ್ರ "ವಿದ್ಯಾರ್ಥಿಯು ಸ್ವ ಇಚ್ಛೆಯಿಂದ ಬೇಗ ಮುಗಿಸಿದ್ದಾನೆ" ಅಂತ ಇರುತ್ತದೆ.

ಹೀಗೆ ಆಗಬಾರದು ಅಂದರೆ ಆ ಕೊಠಡಿ ಗೇಟಿನಿಂದ, ಶೌಚಾಲಯದ ಸಾಲಿನಿಂದ ದೂರ ಇರಬೇಕು, ನೆಲಮಹಡಿಯಲ್ಲೇ ಇರಬೇಕು. ಕೊನೆಯ ಗಂಟೆಗೆ ಮೇಲ್ವಿಚಾರಕರನ್ನು ಬದಲಿಸುವ ಏರ್ಪಾಡು ಮೊದಲೇ ಆಗಿರಬೇಕು. ಉತ್ತರ ಪತ್ರಿಕೆಯನ್ನು ತಡವಾಗಿ ಪಡೆಯುವ ವಿಷಯ ಕಚೇರಿಯವರಿಗೆ ಬೆಳಿಗ್ಗೆಯೇ ಗೊತ್ತಿರಬೇಕು. ಇದರಲ್ಲಿ ಯಾವುದಕ್ಕೂ ಒಂದು ರೂಪಾಯಿ ಖರ್ಚಿಲ್ಲ.

ಕೊಠಡಿಯಲ್ಲಿ ಆದ ಒಂದು ತಪ್ಪು ಎಲ್ಲಿಯ ತನಕ ಹೋಗಬಹುದು ಅನ್ನುವುದಕ್ಕೆ 2021ರ ನೀಟ್ (ವೈದ್ಯಕೀಯ ಪ್ರವೇಶ ಪರೀಕ್ಷೆ) ಪ್ರಕರಣವೇ ಸಾಕು. ಡಿಸ್‌ಗ್ರಾಫಿಯಾ, ಅಂದರೆ ಬರವಣಿಗೆಯ ತೊಂದರೆ ಇದ್ದ ಒಬ್ಬ ವಿದ್ಯಾರ್ಥಿನಿಗೆ ಒಂದು ಗಂಟೆ ಹೆಚ್ಚುವರಿ ಸಮಯದ ಹಕ್ಕಿತ್ತು. ಕೇಂದ್ರದಲ್ಲಿ ಅದನ್ನು ಕೊಡದೆ, ಎಲ್ಲರ ಜೊತೆಗೇ ಅವಳ ಉತ್ತರ ಪತ್ರಿಕೆಯನ್ನೂ ತೆಗೆದುಕೊಂಡುಬಿಟ್ಟರು. ಅವಳು ಸುಪ್ರೀಂ ಕೋರ್ಟ್ ತನಕ ಹೋದಳು. ನವೆಂಬರ್ 23ರಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಪೀಠ ತೀರ್ಪು ಕೊಟ್ಟಿತು. ಅವಳಿಗೆ ಅನ್ಯಾಯವಾಗಿದೆ ಅಂತ ಒಪ್ಪಿತು, ಅದನ್ನು ಹೇಗೆ ಸರಿಪಡಿಸುತ್ತೀರಿ ಅಂತ ವಾರದೊಳಗೆ ತೀರ್ಮಾನಿಸಿ ಎಂದು ಪರೀಕ್ಷಾ ಸಂಸ್ಥೆಗೆ ಹೇಳಿತು. ಮರುಪರೀಕ್ಷೆ ಮಾತ್ರ ಸಿಗಲಿಲ್ಲ. ಗೆದ್ದರೂ ಆ ಒಂದು ಗಂಟೆ ವಾಪಸ್ ಬರಲಿಲ್ಲ. ಕೇಂದ್ರದಲ್ಲಿದ್ದವರಿಗೆ ನಿಯಮವನ್ನು ಸರಿಯಾಗಿ ತಿಳಿಸಿದ್ದರೆ ಅಷ್ಟು ದೂರ ಹೋಗುವ ಪ್ರಮೇಯವೇ ಇರಲಿಲ್ಲ.

ಅದೇ ವರ್ಷದ ಫೆಬ್ರುವರಿಯಲ್ಲಿ ಇನ್ನೊಂದು ತೀರ್ಪು ಬಂದಿತ್ತು. ಯುಪಿಎಸ್‌ಸಿ ಅಭ್ಯರ್ಥಿಯೊಬ್ಬರಿಗೆ ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ. 40 ಶೇಕಡ ಅಂಗವೈಕಲ್ಯ ಇದ್ದರೆ ಮಾತ್ರ ಬರಹಗಾರ ಅನ್ನುವ ವಾದವನ್ನು ಕೋರ್ಟ್ ಒಪ್ಪಲಿಲ್ಲ. 2022ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ ಪ್ರತ್ಯೇಕ ಮಾರ್ಗಸೂಚಿಯನ್ನೂ ಹೊರಡಿಸಿತು. "ನೋಡೋಕೆ ಚೆನ್ನಾಗೇ ಇದ್ದಾನಲ್ಲ, ಇವನಿಗ್ಯಾಕೆ ಸ್ಕ್ರೈಬ್?" ಅಂತ ಮಗುವಿನ ಎದುರೇ ಕೇಳುವವರು ಇದನ್ನು ನೆನಪಿಟ್ಟುಕೊಳ್ಳಲಿ. ಅನುಮತಿ ಕೊಡುವುದು ಮಂಡಳಿಯ ಕೆಲಸ. ಅನುಮತಿ ಪತ್ರ ಸರಿಯಿದೆಯಾ ಅಂತ ನೋಡುವುದು ಕೇಂದ್ರದ ಕೆಲಸ. ಮಗುವಿನ ತೊಂದರೆ ನಿಜವಾ ಸುಳ್ಳಾ ಅಂತ ಪರೀಕ್ಷೆಯ ಬೆಳಿಗ್ಗೆ ವಿಚಾರಣೆ ಮಾಡುವುದು ಯಾರ ಕೆಲಸವೂ ಅಲ್ಲ.

ಅನುಮಾನದವರಷ್ಟೇ ತೊಂದರೆ "ಪಾಪ" ಅನ್ನುವವರಿಂದಲೂ ಆಗುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಒಂದೆರಡು ಉತ್ತರ ಹೇಳಿಬಿಡುತ್ತಾರೆ. ಆ ಮಗು ಒಳ್ಳೆಯ ಅಂಕ ತೆಗೆದಾಗ ಊರೆಲ್ಲ "ಅವನು ಎಲ್ಲಿ ಬರೆದ, ಸ್ಕ್ರೈಬ್ ಬರೆದದ್ದು" ಅನ್ನುತ್ತದೆ. ವರ್ಷವಿಡೀ ಬ್ರೈಲ್‌ನಲ್ಲಿ, ಆಡಿಯೋದಲ್ಲಿ ಓದಿ ನಿಜವಾಗಿ ಗಳಿಸಿದ ಮಗುವಿಗೂ ಅದೇ ಮಾತು ಅಂಟುತ್ತದೆ.

ಬರಹಗಾರ ಬೇಡದ ಮಕ್ಕಳ ವಿಷಯಕ್ಕೆ ಬರುತ್ತೇನೆ. ಇವರು ಸಾಮಾನ್ಯ ಹಾಲ್‌ನಲ್ಲೇ ಇರುತ್ತಾರೆ, ಅದಕ್ಕೇ ಕಣ್ಣು ತಪ್ಪುತ್ತಾರೆ. ಕಿವಿ ಕೇಳದ ಮಗುವಿಗೆ ನೀವು ಬಾಯಲ್ಲಿ ಹೇಳಿದ ಸೂಚನೆ ತಲುಪಿರುವುದಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಮುದ್ರಣದ ತಪ್ಪಿದೆ ಅಂತ ಹೇಳಿದರೆ, ಅದನ್ನು ಬೋರ್ಡಿನ ಮೇಲೂ ಬರೆಯಿರಿ. ಶ್ರವಣಯಂತ್ರವನ್ನಂತೂ ಬಿಚ್ಚಿಸಲೇಬೇಡಿ. ಈಗಿನ ಕೆಲವು ಯಂತ್ರಗಳಲ್ಲಿ ಬ್ಲೂಟೂತ್ ಇರುತ್ತದೆ ನಿಜ. ಮಗುವಿನ ಬಳಿ ಫೋನ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಯಂತ್ರ ಇರುವುದನ್ನು ದಾಖಲಿಸಿಕೊಂಡರೆ ಸಾಕು. ಮಂದದೃಷ್ಟಿಯ ಎಷ್ಟೋ ಮಕ್ಕಳು ತಾವೇ ಬರೆಯುತ್ತೇವೆ ಅನ್ನುತ್ತಾರೆ. ಅವರಿಗೆ ಬೇಕಾದದ್ದು ಕಿಟಕಿಯ ಬೆಳಕು, ದಪ್ಪ ನಿಬ್ಬಿನ ಪೆನ್ನು, ಭೂತಗನ್ನಡಿ. ಒತ್ತಾಯದಿಂದ ಬರಹಗಾರನನ್ನು ಕೂರಿಸಬೇಡಿ.

ಟೈಪ್ 1 ಮಧುಮೇಹ ಇರುವ ಮಗುವಿಗೆ ಪರೀಕ್ಷೆಯ ಮಧ್ಯೆ ಸಕ್ಕರೆ ಇಳಿದರೆ ಕೈ ನಡುಗುತ್ತದೆ, ಬೆವರುತ್ತದೆ, ಓದಿದ್ದು ತಲೆಗೆ ಹೋಗುವುದಿಲ್ಲ. ಸಿಬಿಎಸ್‌ಇ ಇಂಥ ಮಕ್ಕಳಿಗೆ ಹಣ್ಣು, ಲಘು ತಿಂಡಿ ಒಳಗೆ ತರಲು 2017ರಲ್ಲೇ ಅವಕಾಶ ಕೊಟ್ಟಿದೆ. ನಿಮ್ಮ ಕೇಂದ್ರದಲ್ಲಿ ಅಂಥ ಮಗು ಇದೆಯಾ ಅಂತ ಶಾಲೆಯಿಂದ ಮೊದಲೇ ಕೇಳಿ ತಿಳಿದುಕೊಳ್ಳಿ. ಆಟಿಸಂ ಇರುವ ಮಕ್ಕಳಿಗೆ ದೊಡ್ಡ ಕಾಟ ಅಂದರೆ ದಿಢೀರನೆ ನುಗ್ಗುವ ಸ್ಕ್ವಾಡ್, ಅಂದರೆ ತಪಾಸಣೆಯ ತಂಡ. ಸ್ಕ್ವಾಡ್ ಬರಬೇಡಿ ಅಂತ ಹೇಳಲಾಗುವುದಿಲ್ಲ. "ಯಾರಾದರೂ ಬಂದು ನೋಡಿ ಹೋಗ್ತಾರೆ, ನೀನು ಬರೀತಾ ಇರು" ಅಂತ ಮಗುವಿಗೆ ಬೆಳಿಗ್ಗೆಯೇ ಹೇಳಿಡಬಹುದು. ಬಾಗಿಲಲ್ಲಿ ಒಂದು ಕ್ಷಣ ನಿಲ್ಲಿಸಿ ಅಧಿಕಾರಿಗಳಿಗೂ ಒಂದು ಮಾತು ಹೇಳಬಹುದು. ಬಹಳಷ್ಟು ಮಂದಿ ಅರ್ಥ ಮಾಡಿಕೊಳ್ಳುತ್ತಾರೆ.

ಶಾಲೆಯವರಿಗೂ ಒಂದು ಮಾತು. ಬಾಯಲ್ಲಿ ಉತ್ತರ ಹೇಳಿ ಬರೆಸುವುದು ಬೇರೆಯೇ ವಿದ್ಯೆ. ಮಾರ್ಚ್‌ನಲ್ಲಿ ಮೊದಲ ಸಲ ಬರಹಗಾರನ ಮುಖ ನೋಡಿದ ಮಗು ಅರ್ಧ ಗಂಟೆ ತಡವರಿಸುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಮಾತು ಅಪರಿಚಿತರಿಗೆ ತಿಳಿಯುವುದೇ ಇಲ್ಲ. ಬರಹಗಾರರಾಗಿ ಸಾಮಾನ್ಯವಾಗಿ ಕೆಳಗಿನ ತರಗತಿಯ ಮಕ್ಕಳನ್ನು ಹಾಕುತ್ತಾರೆ, ಅವರಿಗೂ ಇದು ಹೊಸದು. ಅರ್ಧವಾರ್ಷಿಕ ಪರೀಕ್ಷೆಯಲ್ಲೇ ಇಬ್ಬರನ್ನೂ ಜೊತೆಗೆ ಕೂರಿಸಿ. ಇಂಗ್ಲಿಷ್‌ಗೆ ಒಬ್ಬರು, ಗಣಿತಕ್ಕೆ ಒಬ್ಬರು ಬೇಕಾದರೆ ಅದನ್ನೂ ಆಗಲೇ ಗೊತ್ತುಮಾಡಿ. 2018ರ ಮಾರ್ಗಸೂಚಿ ಬೇರೆ ಬೇರೆ ಪತ್ರಿಕೆಗೆ ಬೇರೆ ಬೇರೆ ಬರಹಗಾರರನ್ನು ಒಪ್ಪಿತ್ತು, ತುರ್ತಿನಲ್ಲಿ ಬದಲಿಸುವುದನ್ನೂ ಒಪ್ಪಿತ್ತು. ಒಬ್ಬ ಬದಲಿ ಬರಹಗಾರ ಸಿದ್ಧ ಇರಲಿ. ಆ ಒಂಬತ್ತನೇ ಕ್ಲಾಸಿನ ಹುಡುಗನಿಗೂ ಜ್ವರ ಬರುತ್ತದೆ!

ಎಷ್ಟೇ ಜಾಗ್ರತೆ ಮಾಡಿದರೂ ಏನಾದರೂ ಎಡವಟ್ಟಾಗುತ್ತದೆ. ಬರಹಗಾರ ತಡವಾಗಿ ಬರುತ್ತಾನೆ, ಅನುಮತಿ ಪತ್ರ ಇನ್ನೊಂದು ಕೊಠಡಿಗೆ ಹೋಗಿರುತ್ತದೆ, ದೃಷ್ಟಿ ಇಲ್ಲದವರಿಗೆಂದು ಪತ್ರಿಕೆಯಲ್ಲಿ ಕೊಟ್ಟ ಬೇರೆ ಪ್ರಶ್ನೆಯನ್ನು ಓದದೆ ಚಿತ್ರದ ಪ್ರಶ್ನೆಯನ್ನೇ ಓದಿರುತ್ತಾರೆ. ಆಗ ಎಷ್ಟು ಹೊತ್ತಿಗೆ ಏನಾಯಿತು, ಎಷ್ಟು ನಿಮಿಷ ಹೋಯಿತು ಅಂತ ಅಲ್ಲೇ ಬರೆದಿಡಿ. ಮುಖ್ಯ ಅಧೀಕ್ಷಕರನ್ನು ಆಗಲೇ ಕರೆಸಿ, ಹೋದ ನಿಮಿಷಗಳನ್ನು ಅದೇ ದಿನ, ಅದೇ ಕೊಠಡಿಯಲ್ಲಿ ಕೊಡಿಸಿ. ಆಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಬರೆದರೆ ವಿವರಣೆ ಸಿಗಬಹುದು, ಸಮಯ ಸಿಗುವುದಿಲ್ಲ. ನಿಮ್ಮ ಟಿಪ್ಪಣಿಯನ್ನು ಮಗುವಿಗೂ ಓದಿ ಹೇಳಿ, ಅದು ಒಪ್ಪಿದ ಮೇಲೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಂಡು ಕಚೇರಿಗೆ ಕೊಡಿ.