ಡೊರೆಯ ನರಕದ ಕತ್ತಲೆಯನ್ನು ಕೆತ್ತಿದವರು

ಹದಿನಾಲ್ಕನೆಯ ಶತಮಾನದ ಇಟಲಿಯ ಕವಿ ಡಾಂಟೆಯ ‘ಡಿವೈನ್ ಕಾಮಿಡಿ’ಯನ್ನು ಓದದವರೂ ಅದರ ನರಕವನ್ನು ಎಲ್ಲಾದರೂ ನೋಡಿರುತ್ತಾರೆ, ಹಾಗೆ ನೋಡಿದ್ದು ಬಹುಪಾಲು ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಚಿತ್ರಕಾರ ಗುಸ್ತಾವ್ ಡೊರೆಯ ಚಿತ್ರಗಳಲ್ಲಿ. ಕಾವ್ಯದ ಮೊದಲ ಭಾಗವಾದ ‘ಇನ್‌ಫರ್ನೋ’ಗೆ ಆತ ರಚಿಸಿದ ಚಿತ್ರಗಳು 1861ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟವಾದವು. ಅಷ್ಟು ದುಬಾರಿ ಪುಸ್ತಕಕ್ಕೆ ಹಣ ಹೂಡಲು ಪ್ರಕಾಶಕರು ಹಿಂಜರಿದಾಗ, ಮೂವತ್ತು ಕೂಡ ತುಂಬದ ಡೊರೆ ಖರ್ಚನ್ನು ತಾನೇ ಹೊತ್ತನು.

ಇಷ್ಟೊಂದು ಸೂಕ್ಷ್ಮ ಗೆರೆಗಳನ್ನು ಒಬ್ಬನೇ ಹೇಗೆ ಎಳೆದ ಎಂದು ಅಚ್ಚುಚಿತ್ರ ಕಲಿಯಲು ಬರುವವರು ನನ್ನನ್ನು ಕೇಳುತ್ತಿರುತ್ತಾರೆ. ಆ ಗೆರೆಗಳನ್ನು ಅವನು ಎಳೆಯಲಿಲ್ಲ. ಡೊರೆ ನಯಗೊಳಿಸಿದ ಮರದ ಅಚ್ಚಿನ ಮೇಲೆಯೇ ಕುಂಚದಿಂದ, ತೆಳು ಮಸಿಯ ಛಾಯೆಗಳಲ್ಲಿ ಚಿತ್ರ ಬರೆಯುತ್ತಿದ್ದನು. ಆ ಬೂದು ಛಾಯೆಯನ್ನು ಗೆರೆಗಳಾಗಿ ಒಡೆದು ಕೆತ್ತಿದವರು ಬೇರೆಯವರು. ಅವರಲ್ಲಿ ಪ್ರಮುಖನು ಎಲಿಯೊಡೋರ್ ಪಿಸಾನ್. ಅನೇಕ ಚಿತ್ರಗಳ ಕೆಳಗೆ ಒಂದು ಮೂಲೆಯಲ್ಲಿ ಡೊರೆಯ ಸಹಿ, ಇನ್ನೊಂದು ಮೂಲೆಯಲ್ಲಿ ಕೆತ್ತನೆಗಾರನ ಸಹಿ ಇರುತ್ತದೆ. ಆ ಎರಡನೆಯ ಸಹಿಗೆ ಸಲ್ಲಬೇಕಾದ ಗೌರವ ಇಂದಿಗೂ ಸಂದಿಲ್ಲವೆಂದೇ ನನ್ನ ಭಾವನೆ.

ಈ ವಿಧಾನದಲ್ಲಿ ಬಾಕ್ಸ್‌ವುಡ್ ಎಂಬ ಗಟ್ಟಿ ಮರವನ್ನು ಅಡ್ಡಲಾಗಿ ಕೊಯ್ದು, ಎಳೆಗಳ ತುದಿಗಳಿರುವ ಮುಖವನ್ನು ಬಳಸುತ್ತಾರೆ. ಎಳೆ ಅಡ್ಡ ಬರದ ಕಾರಣ ಉಳಿ ಯಾವ ದಿಕ್ಕಿಗೆ ತಿರುಗಿದರೂ ಗೆರೆ ಸೀಳುವುದಿಲ್ಲ. ಕಾಂಡ ಸಣ್ಣದಾದ್ದರಿಂದ ದೊಡ್ಡ ಚಿತ್ರಕ್ಕೆ ಹಲವು ತುಂಡುಗಳನ್ನು ಜೋಡಿಸಬೇಕು. ಕೆತ್ತದೆ ಬಿಟ್ಟ ಮೇಲ್ಮೈಗೆ ಮಾತ್ರ ಮಸಿ ಹತ್ತುವುದರಿಂದ, ಉಳಿ ತಾಗದ ಅಚ್ಚು ಪೂರ್ಣ ಕಪ್ಪಾಗಿ ಮೂಡುತ್ತದೆ, ಉಳಿಯ ಪ್ರತಿಯೊಂದು ಗೀರೂ ಬೆಳಕಾಗುತ್ತದೆ. ಐದನೆಯ ಸರ್ಗದಲ್ಲಿ ಬಿರುಗಾಳಿಗೆ ಸಿಕ್ಕ ಪಾವೊಲೊ ಮತ್ತು ಫ್ರಾಂಚೆಸ್ಕಾ ಎಂಬ ಪ್ರೇಮಿಗಳನ್ನು ಗಮನಿಸಿ: ಮುಂದಿರುವ ಅವರ ಮೈಮೇಲೆ ಬಿಳಿ ಗೀರುಗಳು ಅಗಲವಾಗಿ ಮೈಯ ತಿರುವನ್ನೇ ಅನುಸರಿಸುತ್ತವೆ, ಹಿಂದೆ ಸುಳಿಯುವ ಆತ್ಮಗಳ ಸಾಲಿನಲ್ಲಿ ಅವೇ ಗೀರುಗಳು ಸಣ್ಣದಾಗುತ್ತ ಕಪ್ಪಿನಲ್ಲಿ ಕರಗುತ್ತವೆ. ನರಕಕ್ಕೆ ಇದಕ್ಕಿಂತ ಒಪ್ಪುವ ಮಾಧ್ಯಮ ನನಗೆ ತೋಚದು. ಡೊರೆಯ ಪಾಪಿಗಳ ದೇಹಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ, ಡಾಂಟೆ ಒಬ್ಬೊಬ್ಬರ ಬಾಯಲ್ಲಿ ಆಡಿಸುವ ಮಾತಿನ ವೈವಿಧ್ಯ ಅಲ್ಲಿಲ್ಲ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೆ ಕತ್ತಲೆಯ ಆಳದಲ್ಲಿ ಅವನನ್ನು ಮೀರಿಸಿದವರು ವಿರಳ.

ಕಾವ್ಯದ ಉಳಿದೆರಡು ಭಾಗಗಳಾದ ‘ಪರ್ಗಟೋರಿಯೊ’ (ಪಾಪ ತೊಳೆಯುವ ಲೋಕ) ಮತ್ತು ‘ಪ್ಯಾರಡೈಸೊ’ (ಸ್ವರ್ಗ) ಚಿತ್ರಗಳು 1868ರಲ್ಲಿ ಬಂದವು. ಸ್ವರ್ಗದಲ್ಲಿ ಕೆಲಸವೇ ತಿರುವುಮುರುವಾಗುತ್ತದೆ. ದೇವದೂತರ ಸುತ್ತುಸುತ್ತಿನ ವೃತ್ತಗಳ ನಡುವೆ ಬೆಳಕು ಹೊಮ್ಮುವ, ಪುಣ್ಯಾತ್ಮರು ಹೂವಿನ ದಳಗಳಂತೆ ನೆರೆದ ಶ್ವೇತ ಗುಲಾಬಿಯ ಚಿತ್ರದಲ್ಲಿ ಕೆತ್ತನೆಗಾರ ಮರದ ಬಹುಭಾಗವನ್ನು ತೆಗೆದುಹಾಕಿ, ಕೂದಲೆಳೆಯಂಥ ಗೆರೆಗಳನ್ನಷ್ಟೇ ಉಳಿಸಬೇಕು; ಉಳಿ ತುಸು ಜಾರಿದರೂ ಹೋದ ಗೆರೆ ಮರಳುವುದಿಲ್ಲ.

ಈಗಿನ ಅಗ್ಗದ ಮರುಮುದ್ರಣಗಳಲ್ಲಿ ಈ ಸಣ್ಣ ಗೀರುಗಳ ನಡುವೆ ಮಸಿ ತುಂಬಿಕೊಂಡು ಬೂದು ಛಾಯೆಗಳೆಲ್ಲ ಕಪ್ಪಾಗಿರುತ್ತವೆ. ಕೊಳ್ಳುವ ಮುನ್ನ ಫ್ರಾಂಚೆಸ್ಕಾಳ ಹಿಂದಿನ ಆತ್ಮಗಳನ್ನು ಭೂತಗನ್ನಡಿಯಲ್ಲಿ ನೋಡಿ, ಗೆರೆಗಳು ಬಿಡಿಬಿಡಿಯಾಗಿ ಕಾಣುವ ಪ್ರತಿಯನ್ನೇ ಆರಿಸಿಕೊಳ್ಳಿ.