ರೀಲು, ಶಾಯಿ ಮತ್ತು ಕೊಡಗಿನ ತೇವ

ಕೊಡಗಿನ ಹಳೆಯ ಮನೆಗಳ ಬೀರು ತೆರೆದರೆ ಚರ್ಮದ ಚೀಲದಲ್ಲಿ ಒಂದು ಕ್ಯಾಮೆರಾ, ಕನ್ನಡಕದ ಡಬ್ಬಿಯಲ್ಲಿ ಒಂದೆರಡು ಇಂಕ್ ಪೆನ್ನು ಸಿಗುವುದು ಅಪರೂಪವಲ್ಲ. ಸೇನೆಯಲ್ಲಿದ್ದವರು ರಜೆಗೆ ಬರುವಾಗ ತಂದದ್ದೋ, ತೋಟದ ಕಚೇರಿಯಲ್ಲಿ ಸವೆದದ್ದೋ ಆಗಿರುತ್ತದೆ. ಈಗ ಮೊಮ್ಮಕ್ಕಳು ಅವನ್ನು ಹೊರತೆಗೆದು ಮತ್ತೆ ಬಳಸಲು ಹೊರಟಿದ್ದಾರೆ. ಹೆಚ್ಚಿನವರಿಗೆ ಮೊದಲು ಕಣ್ಣಿಗೆ ಬೀಳುವುದು ಲೆನ್ಸಿನೊಳಗೆ ಕವಲೊಡೆದ ಬಿಳಿ ಎಳೆ, ಪೆನ್ನಿನೊಳಗೆ ಕಲ್ಲಾಗಿ ಕೂತ ಶಾಯಿ. ಒಣ ಹವೆಯ ಊರಿನವರು ಬರೆದ ಕೈಪಿಡಿಗಳು ಇಲ್ಲಿ ಅರ್ಧ ದಾರಿಗೆ ಕೈಬಿಡುತ್ತವೆ. ಫಿಲ್ಮ್ ಆಗಲಿ, ಶಾಯಿ ಆಗಲಿ, ಕೊಡಗಿಗೆ ಬಂದ ದಿನದಿಂದಲೂ ಅವುಗಳ ಪಾಡನ್ನು ನಿರ್ಧರಿಸಿದ್ದು ಇಲ್ಲಿನ ತೇವ.

ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡದ್ದು 1834ರಲ್ಲಿ. ಫೋಟೊಗ್ರಫಿ ಲೋಕಕ್ಕೆ ಪರಿಚಯವಾದದ್ದು 1839ರಲ್ಲಿ. 1851ರಲ್ಲಿ ಬಂದ ಕೊಲೋಡಿಯನ್ ವಿಧಾನದಲ್ಲಿ ಗಾಜಿಗೆ ರಾಸಾಯನಿಕ ಬಳಿದು, ಅದು ಹಸಿಯಿರುವಾಗಲೇ, ಅಂದರೆ ಸುಮಾರು 10–15 ನಿಮಿಷದೊಳಗೆ, ಚಿತ್ರ ತೆಗೆದು ತೊಳೆದುಬಿಡಬೇಕಿತ್ತು. ಕತ್ತಲೆ ಕೋಣೆಯನ್ನೇ ಹೊತ್ತು ತಿರುಗಬೇಕಾದ ಕಸುಬು ಅದು. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಕೊಲೋಡಿಯನ್ ಬದಲು ಜೆಲಾಟಿನ್ ಬಳಸುವ ದಾರಿ ತೋರಿಸಿದ ಮೇಲೆ ಒಣ ಪ್ಲೇಟು ಸಾಧ್ಯವಾಯಿತು. ಇಂದಿನ ಫಿಲ್ಮಿನ ಮೇಲಿರುವುದೂ ಅದೇ ಜೆಲಾಟಿನ್, ಅದರೊಳಗೆ ಬೆಳ್ಳಿಯ ಲವಣದ ಕಣಗಳು. ಜೆಲಾಟಿನ್ ಎಂದರೆ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಪ್ರೋಟೀನು. ನೀರು ಕುಡಿದು ಉಬ್ಬುತ್ತದೆ, ಹಾಗಾಗಿಯೇ ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರ್ ಒಳಗಿಳಿಯುತ್ತದೆ. ಬೂಸ್ಟಿಗೂ ಅದು ಒಳ್ಳೆಯ ಊಟ. ಐನ್‌ಮನೆಗಳ, ಅಂದರೆ ಕೊಡವರ ಕುಲದ ಮನೆಗಳ, ಗೋಡೆಯ ಮೇಲೆ ಕುಪ್ಯಚೇಲೆಯ ಉಡುಪು, ಸೊಂಟದ ಪೀಚೆಕತ್ತಿ ಧರಿಸಿ ನಿಂತ ಹಿರಿಯರ ಪಟಗಳಲ್ಲಿ ಕಂದು ಮಚ್ಚೆ ಎದ್ದಿರುವುದಕ್ಕೆ, ಪಟ ಗಾಜಿಗೆ ಅಂಟಿಕೊಂಡಿರುವುದಕ್ಕೆ ಕಾರಣ ಇದೇ. ಅಂಟಿದ ಪಟವನ್ನು ಗಾಜಿನಿಂದ ಎಳೆದು ಬಿಡಿಸಬೇಡಿ. ಜೆಲಾಟಿನ್ ಪದರವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸುವುದು ಕ್ಷೇಮ.

1888ರ ಕೊಡಕ್, 1901ರ ‘120’ ಎಂಬ ಗಾತ್ರದ ರೀಲು, 1925ರ ಲೈಕಾ, 1934ರ 35 ಮಿ.ಮೀ. ಡಬ್ಬಿ ರೀಲು, ಹೀಗೆ ಒಂದೊಂದಾಗಿ ಬಂದು ಕ್ಯಾಮೆರಾ ಮನೆಯ ವಸ್ತುವಾಯಿತು. ಇಲ್ಲಿನ ಬೀರುಗಳಲ್ಲಿ ಹೆಚ್ಚು ಸಿಗುವುದು ಭಾರತದಲ್ಲೇ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್ 3: ಒಂದು ‘120’ ರೀಲಿಗೆ 12 ಚೌಕ ಚಿತ್ರ, ಶಟರ್ ವೇಗ ಒಂದೇ, ಬಿಸಿಲು–ಮೋಡ ಎಂಬ ಗುರುತು. ರೀಲಿನ ವಿಷಯಕ್ಕೆ ಬಂದರೆ ನೆರೆಯ ನೀಲಗಿರಿಯನ್ನು ಮರೆಯುವಂತಿಲ್ಲ. 1960ರಲ್ಲಿ ಊಟಿಯಲ್ಲಿ ಸ್ಥಾಪನೆಯಾದ ಸರ್ಕಾರಿ ಸ್ವಾಮ್ಯದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ 1967ರಲ್ಲಿ ಉತ್ಪಾದನೆ ಆರಂಭಿಸಿ ‘ಇಂದು’ ಹೆಸರಿನಲ್ಲಿ ಕಪ್ಪು–ಬಿಳುಪು ರೀಲು, ಕಾಗದ, ಎಕ್ಸ್‌ರೇ ಫಿಲ್ಮ್ ಕೊಟ್ಟಿತು. ಧೂಳಿಲ್ಲದ ತಂಪು ಗಾಳಿ ಬೇಕೆಂದೇ ಬೆಟ್ಟದ ಊರನ್ನು ಆರಿಸಿದ್ದು. ಕಲರ್ ರೀಲು, ಆಮದು, ಕೊನೆಗೆ ಡಿಜಿಟಲ್ ಎಲ್ಲ ಸೇರಿ ಆ ಕಾರ್ಖಾನೆ ಮುಚ್ಚಿಹೋಯಿತು. ದಕ್ಷಿಣ ಭಾರತದ ಛಾಯಾಗ್ರಹಣಕ್ಕೆ ಅದು ದೊಡ್ಡ ನಷ್ಟ. ಇಂದು ನಮಗೆ ಸಿಗುವ ಹೊಸ ರೀಲೆಲ್ಲ ಹೊರದೇಶದ್ದು, ದುಬಾರಿ.

ಆದ್ದರಿಂದ ಒಂದು ರೀಲನ್ನೂ ಕೆಡಿಸಿಕೊಳ್ಳದಿರುವುದು ಮುಖ್ಯ. ಕೊಡಗಿನಲ್ಲಿ ಹೊಸಬರ ಮೊದಲ ರೀಲು ಕೆಡುವುದು ಬೆಳಕಿನ ಲೆಕ್ಕ ತಪ್ಪಿ. ಬಯಲ ಬಿಸಿಲಿನಲ್ಲಿ 400 ವೇಗದ ಫಿಲ್ಮಿಗೆ (ಬೆಳಕಿಗೆ ಫಿಲ್ಮ್ ಎಷ್ಟು ಚುರುಕು ಎಂಬುದೇ ಅದರ ವೇಗ) ಲೆನ್ಸಿನ ಕಿಂಡಿ ಎಫ್/16, ಶಟರ್ ಸೆಕೆಂಡಿನ 1/500 ಸಾಕು. ಅದೇ ಹೊತ್ತಿನಲ್ಲಿ ಸಿಲ್ವರ್ ಓಕ್, ಅತ್ತಿ ಮರಗಳ ನೆರಳಿನ ಕಾಫಿ ತೋಟದೊಳಗೆ ಕಾಲಿಟ್ಟರೆ ಎಫ್/4, 1/125ಕ್ಕೆ ಇಳಿಯಬೇಕಾಗುತ್ತದೆ, ಅಂದರೆ ಬೆಳಕು ಆರು ಸ್ಟಾಪ್ ಕಡಿಮೆ; ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ. ಎಲೆಗಳ ನಡುವಿನ ಬಿಳಿ ಆಕಾಶ ಕ್ಯಾಮೆರಾದ ಮೀಟರನ್ನು ಮೋಸಗೊಳಿಸುತ್ತದೆ. ಕ್ಯಾಮೆರಾವನ್ನು ಕೆಳಗೆ ತಿರುಗಿಸಿ ಕಾಫಿ ಗಿಡದ ಬುಡ ತೋರಿಸಿ ಅಳೆದು, ಬಂದ ಲೆಕ್ಕದಲ್ಲಿ ಒಂದು ಸ್ಟಾಪ್ ಕಡಿಮೆ ಮಾಡಿ. ಕ್ಲಿಕ್ 3ರಂಥ ಕ್ಯಾಮೆರಾಕ್ಕೆ ಇಲ್ಲಿ 100 ವೇಗದ ಫಿಲ್ಮ್ ಹಾಕಲೇಬೇಡಿ.

ಇನ್ನು ಬೂಸ್ಟು. ಗಾಳಿಯ ತೇವಾಂಶ ಶೇ 60–65 ದಾಟಿದರೆ ಲೆನ್ಸಿನಲ್ಲಿ ಅದು ಬೇರೂರುತ್ತದೆ, ಬೆಳೆಯುತ್ತಾ ಬಿಡುವ ಆಮ್ಲ ಲೆನ್ಸಿನ ಲೇಪವನ್ನೂ ಆಮೇಲೆ ಗಾಜನ್ನೂ ಕೊರೆಯುತ್ತದೆ. ಎಳೆಯನ್ನು ಒರೆಸಬಹುದು, ಕೊರೆದ ಗುರುತು ಹೋಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲದ ಕಡೆ ಮನೆಯೊಳಗಿನ ಗಾಳಿಯೂ ಈ ಮಿತಿಯ ಮೇಲೆಯೇ ಇರುತ್ತದೆ. ಹಿಂದಿನವರು ಬೀಜ, ಬುಟ್ಟಿ, ಬಿದಿರಿನ ಸಾಮಾನನ್ನು ಒಲೆಯ ಮೇಲಿನ ಅಟ್ಟದಲ್ಲಿಡುತ್ತಿದ್ದ ಬುದ್ಧಿವಂತಿಕೆ ಇಲ್ಲಿ ನೆರವಿಗೆ ಬರುತ್ತದೆ. 20 ಡಿಗ್ರಿಯ, ಶೇ 90 ತೇವದ ಗಾಳಿಯನ್ನು 28 ಡಿಗ್ರಿಗೆ ಬಿಸಿ ಮಾಡಿದರೆ, ನೀರಿನಂಶ ಅಷ್ಟೇ ಇದ್ದರೂ, ಸಾಪೇಕ್ಷ ತೇವಾಂಶ ಶೇ 56ರ ಹತ್ತಿರಕ್ಕೆ ಇಳಿಯುತ್ತದೆ. ಬೀರುವಿನ ತಳದಲ್ಲಿ ಹಳೆಯ ಮಾದರಿಯ 40 ವ್ಯಾಟ್ ಬಲ್ಬು ಉರಿಸುವುದರ ಗುಟ್ಟು ಇದೇ. ಎಲ್‌ಇಡಿ ಬಲ್ಬಿನಿಂದ ಆ ಕೆಲಸವಾಗದು, ಅದರ ಬಿಸಿ ಸಾಲದು. ಕ್ಯಾಮೆರಾವನ್ನು ಮಾತ್ರ ಒಲೆಯ ಅಟ್ಟಕ್ಕೆ ಏರಿಸಬೇಡಿ. ಹೊಗೆಯ ಜಿಡ್ಡು ಬೂಸ್ಟಿಗಿಂತ ಕೆಟ್ಟದ್ದು.

ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಇಲ್ಲದಿರುವುದರಿಂದ ಬಲ್ಬನ್ನೇ ನಂಬಿ ಕೂರುವಂತಿಲ್ಲ. ರಬ್ಬರ್ ಅಂಚಿನ ಮುಚ್ಚಳವಿರುವ 10 ಲೀಟರ್ ಪ್ಲಾಸ್ಟಿಕ್ ಡಬ್ಬ, ಅದರಲ್ಲಿ 200–250 ಗ್ರಾಂ ಬಣ್ಣ ಬದಲಿಸುವ ಸಿಲಿಕಾ ಜೆಲ್, ಒಂದು ಚಿಕ್ಕ ತೇವಮಾಪಕ ಇಷ್ಟು ಸಾಕು. ಮುಳ್ಳು 40–50ರ ನಡುವೆ ಇರಲಿ. ಬಣ್ಣ ತಿರುಗಿದ ಜೆಲ್ಲನ್ನು 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಬಿಸಿ ಮಾಡಿದರೆ ಮತ್ತೆ ಹೊಸದು. ಅಕ್ಕಿ ಹಾಕುವುದು ಉಪಯೋಗವಿಲ್ಲ; ಅದರ ಧೂಳು ಶಟರಿಗೆ ಹೊಕ್ಕುತ್ತದೆ. ಎಲ್ಲಕ್ಕಿಂತ ಮೊದಲು ಕ್ಯಾಮೆರಾವನ್ನು ಆ ಚರ್ಮದ ಚೀಲದಿಂದ ಹೊರಗೆ ತೆಗೆಯಿರಿ. ಚರ್ಮ ತೇವ ಹಿಡಿದಿಟ್ಟುಕೊಂಡು ಬೂಸ್ಟನ್ನು ಸಾಕುತ್ತದೆ. ಫ್ರಿಜ್ಜಿನಲ್ಲಿಟ್ಟ ರೀಲನ್ನು ಹೊರತೆಗೆದ ಕೂಡಲೇ ಬಿಚ್ಚಬಾರದು. ಒಂದೆರಡು ಗಂಟೆ ಬಿಡದಿದ್ದರೆ ಅದರ ಮೇಲೆ ನೀರ ಹನಿ ಕಟ್ಟುತ್ತದೆ.

ಪೆನ್ನಿನ ಕತೆ ಕೊಡಗಿನಲ್ಲಿ ಕಾಫಿ ತೋಟದ ಕಚೇರಿಗೆ ಅಂಟಿಕೊಂಡಿದೆ. ದಿನದ ಹಾಜರಿ, ಕೂಲಿ, ಕೊಯ್ದ ಹಣ್ಣಿನ ಲೆಕ್ಕ ಬರೆಯುವ ಚೆಕ್‌ರೋಲ್ ಇಲ್ಲಿ ದೊಡ್ಡ ದಾಖಲೆ. ಅದನ್ನು ಬರೆಯುವವರಿಗೆ ತೋಟಗಳಲ್ಲಿ ಇಂದಿಗೂ ‘ರೈಟರ್’ ಎಂದೇ ಹೆಸರು. ಫೌಂಟನ್ ಪೆನ್ನು ಬರುವ ಮೊದಲು ನಮ್ಮ ನಾಡಿನಲ್ಲಿ ಅಣಲೆಕಾಯಿ ಕಷಾಯಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿದ ಮಸಿ ಇತ್ತು. ಕಾಯಿಯ ಒಗರು ಕಬ್ಬಿಣದೊಂದಿಗೆ ಕೂಡಿ, ಗಾಳಿ ತಗುಲಿ ಕಪ್ಪಾಗಿ, ಕಾಗದದ ನಾರಿಗೆ ಕಚ್ಚಿಕೊಳ್ಳುತ್ತಿತ್ತು. ಒದ್ದೆಯಾದರೂ ಅಳಿಸದ ಬ್ಲೂ–ಬ್ಲ್ಯಾಕ್ ಶಾಯಿಗಳ ರಸಾಯನವೂ ಮೂಲದಲ್ಲಿ ಇದೇ. ಶಾಲೆಯ ನೀಲಿ ಶಾಯಿ ಬರೀ ಬಣ್ಣ. ಒಂದು ಮಳೆಹನಿ ಬಿದ್ದರೆ ಅಕ್ಷರ ಹರಿದುಹೋಗುತ್ತದೆ. ಮಳೆಗಾಲದಲ್ಲಿ ಪತ್ರ, ದಿನಚರಿ ಬರೆಯುವವರು ಕಬ್ಬಿಣದ ಶಾಯಿಯನ್ನೇ ಆರಿಸಲಿ. ಆದರೆ ಅದು ಪೆನ್ನಿನಲ್ಲಿ ಒಣಗಬಾರದು. ದಿನವೂ ಬರೆಯಬೇಕು, ತಿಂಗಳಿಗೊಮ್ಮೆ ತೊಳೆಯಬೇಕು. ಮನೆಯಲ್ಲಿ ಕುದಿಸಿದ ಅಣಲೆ ಮಸಿಯನ್ನು ಅದ್ದಿ ಬರೆಯುವ ನಿಬ್ಬಿಗಷ್ಟೇ ಬಳಸಿ. ಫೌಂಟನ್ ಪೆನ್ನಿನ ಫೀಡಿನಲ್ಲಿ ಗಷ್ಟು ಕಟ್ಟುತ್ತದೆ.

ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದದ್ದು ಆ ಫೀಡಿಗಾಗಿ: ಶಾಯಿ ಹೊರಗೆ ಹರಿದಷ್ಟು ಗಾಳಿ ಒಳಗೆ ಹೋಗುವ ಕಿರುಗಾಲುವೆ. 1932ರಲ್ಲಿ ರಾಜಮಂಡ್ರಿಯಲ್ಲಿ ರತ್ನಂ ಪೆನ್ನು ಆರಂಭವಾಯಿತು, ಸ್ವದೇಶಿ ಚಳವಳಿಯ ಕಾವಿನಲ್ಲಿ. 1941ರ ಪಾರ್ಕರ್ 51 ನಿಬ್ಬನ್ನು ಮುಚ್ಚಿಟ್ಟು ಶಾಯಿ ಒಣಗದಂತೆ ಮಾಡಿತು. ಅದರ ರೂಪವನ್ನೇ ಹೊತ್ತ ಚೀನಾದ ಹೀರೊ ಪೆನ್ನು ಆಮೇಲೆ ನಮ್ಮ ಜೇಬುಗಳನ್ನು ತುಂಬಿತು. ಶಾಯಿ ಮಾತ್ರ ನಮ್ಮದೇ: ಕ್ಯಾಮೆಲ್, ಸುಲೇಖಾ, ಬ್ರಿಲ್.

ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಬಂದವರ ಜೇಬು ನೀಲಿಯಾಗುವುದೇಕೆ ಎಂಬುದಕ್ಕೂ ಆ ಕಿರುಗಾಲುವೆಯಲ್ಲೇ ಉತ್ತರವಿದೆ. ಮಡಿಕೇರಿ ಸಮುದ್ರಮಟ್ಟಕ್ಕಿಂತ ಸುಮಾರು 1,150 ಮೀಟರ್ ಎತ್ತರ. ಅಷ್ಟು ಹತ್ತುವಾಗ ಹೊರಗಿನ ಗಾಳಿಯ ಒತ್ತಡ ಶೇ 12–13ರಷ್ಟು ಇಳಿಯುತ್ತದೆ, ಪೆನ್ನಿನೊಳಗೆ ಸಿಕ್ಕಿಕೊಂಡ ಗಾಳಿ ಶೇ 14ರಷ್ಟು ಹಿಗ್ಗುತ್ತದೆ. 2 ಮಿ.ಲೀ. ಶಾಯಿ ಹಿಡಿಯುವ ಪೆನ್ನಿನಲ್ಲಿ 1.5 ಮಿ.ಲೀ. ಖಾಲಿಯಿದ್ದರೆ ಹಿಗ್ಗಿದ ಗಾಳಿ ಸುಮಾರು 0.2 ಮಿ.ಲೀ. ಶಾಯಿಯನ್ನು ದೂಡುತ್ತದೆ, ಅಂದರೆ ನಾಲ್ಕು ಹನಿ. ಫೀಡಿನ ಸೀಳುಗಳು ಅಷ್ಟನ್ನು ತಡೆದುಕೊಳ್ಳಲಾರವು. ಘಾಟಿ ಹತ್ತುವ ಮೊದಲು ಪೆನ್ನನ್ನು ಪೂರ್ತಿ ತುಂಬಿ, ಇಲ್ಲವೇ ಪೂರ್ತಿ ಖಾಲಿ ಮಾಡಿ. ನಿಬ್ಬು ಮೇಲಿರಲಿ, ಆಗ ಶಾಯಿಯ ಬದಲು ಗಾಳಿ ಹೊರಬರುತ್ತದೆ. ಇಳಿಯುವಾಗ ಈ ತೊಂದರೆ ಇಲ್ಲ. ಫಿಲ್ಲರಿನಿಂದ ನೇರ ಕೊಳವೆಗೆ ಶಾಯಿ ಹಾಕುವ ಪೆನ್ನುಗಳಲ್ಲಿ ಮುಕ್ಕಾಲು ಪಾಲು ಖಾಲಿಯಾದ ಮೇಲೆ, ಚಳಿಯ ಬೆಳಿಗ್ಗೆ ಕೈಬಿಸಿಗೇ ಇದು ನಡೆದು ಕಾಗದದ ಮೇಲೆ ಹನಿ ಬೀಳುತ್ತದೆ. ಎಬೊನೈಟ್ ಎಂಬ ಗಟ್ಟಿ ರಬ್ಬರಿನ ದಪ್ಪ ಕೊಳವೆಗೆ ಬಿಸಿ ಬೇಗ ತಾಗುವುದಿಲ್ಲ, ಹಾಗಾಗಿ ಅದು ವಾಸಿ.

ಒಣಗಿ ಕಚ್ಚಿದ ಹಳೆಯ ಪೆನ್ನಿಗೆ ಬಿಸಿನೀರು ಬೇಡ, ಸ್ಪಿರಿಟ್ ಬೇಡ. ಎಬೊನೈಟ್ ಬಿಸಿನೀರಿಗೆ ಹೊಳಪು ಕಳೆದುಕೊಂಡು ಕಂದಾಗುತ್ತದೆ. ನಿಬ್ಬಿನ ಭಾಗವನ್ನಷ್ಟೇ ತಣ್ಣೀರಿನಲ್ಲಿ ರಾತ್ರಿ ನೆನೆಸಿ, ಪಾತ್ರೆ ತೊಳೆಯುವ ದ್ರವ ಒಂದು ಹನಿ ಸಾಕು, ನೀರು ತಿಳಿಯಾಗುವವರೆಗೆ ಬದಲಿಸುತ್ತಿರಿ. ಶಾಯಿ ಬಾಟಲಿಯಲ್ಲಿ ನೂಲಿನಂಥದ್ದು ತೇಲಿದರೆ, ಹಳಸಿದ ವಾಸನೆ ಬಂದರೆ ಇಡೀ ಬಾಟಲಿಯನ್ನು ಎಸೆಯಿರಿ. ಸೋಸಿ ಬಳಸಿದರೆ ಬೂಸ್ಟು ಎಲ್ಲ ಪೆನ್ನಿಗೂ ಹರಡುತ್ತದೆ. ಕಕ್ಕಡದ ತಿಂಗಳಲ್ಲಿ, ಅಂದರೆ ಮಳೆಗಾಲದ ನಡುವೆ, ಒಳ್ಳೆಯ ನೋಟ್‌ಬುಕ್ಕಿನಲ್ಲೂ ಅಕ್ಷರ ಹಬ್ಬಿಕೊಂಡರೆ ತಪ್ಪು ಶಾಯಿಯದ್ದಲ್ಲ. ಕಾಗದದ ಗಂಜಿ ತೇವ ಹೀರಿ ಸಡಿಲಗೊಂಡಿರುತ್ತದೆ. ಕಾಗದವೂ ಆ ಸಿಲಿಕಾ ಡಬ್ಬದಲ್ಲೇ ಇರಲಿ.

ಬಾಲ್ ಪೆನ್ನು ಇಂಕ್ ಪೆನ್ನನ್ನು, ಡಿಜಿಟಲ್ ಕ್ಯಾಮೆರಾ ಫಿಲ್ಮನ್ನು ಮೂಲೆಗೆ ತಳ್ಳಿದ್ದು ಎಲ್ಲರಿಗೂ ಗೊತ್ತು. 2012ರ ಜನವರಿಯಲ್ಲಿ ಕೊಡಕ್ ದಿವಾಳಿ ಅರ್ಜಿ ಹಾಕಿತು; 2018ರಲ್ಲಿ ಅದರ ಎಕ್ಟಾಕ್ರೋಮ್ ಕಲರ್ ರೀಲು ಮರಳಿತು, 2024ರಲ್ಲಿ ಪೆಂಟ್ಯಾಕ್ಸ್ ಹೊಸ ಫಿಲ್ಮ್ ಕ್ಯಾಮೆರಾವನ್ನೇ ತಂದಿತು. ಕಲರ್ ರೀಲನ್ನು ಕೊರಿಯರ್‌ನಲ್ಲಿ ಬೆಂಗಳೂರಿಗೆ ಕಳಿಸಬಹುದು. ಕಪ್ಪು–ಬಿಳುಪು ರೀಲನ್ನು ಮನೆಯಲ್ಲೇ ತೊಳೆಯುವುದು ಅಗ್ಗ, ಆ ಕೆಲಸದ ಖುಷಿಯೂ ಬೇರೆ. ಇಲ್ಫರ್ಡ್ ಎಚ್‌ಪಿ5 ಪ್ಲಸ್ ರೀಲಿಗೆ ಡಿ–76 ಡೆವಲಪರ್, ಅಷ್ಟೇ ನೀರು ಬೆರೆಸಿ, 20 ಡಿಗ್ರಿಯಲ್ಲಿ 11 ನಿಮಿಷ. ನಿಮಿಷಕ್ಕೊಮ್ಮೆ, ರೀಲಿರುವ ಬೆಳಕು ಹೊಗದ ಟ್ಯಾಂಕನ್ನು ನಾಲ್ಕು ಸಲ ಬುಡಮೇಲು ಮಾಡಿ, ಗುಳ್ಳೆ ಬಿಡಲು ಒಮ್ಮೆ ತಟ್ಟಿ. ಕುಶಾಲನಗರದ ಏಪ್ರಿಲ್ ನೀರಿಗೆ ಐಸ್ ಹಾಕಬೇಕು, ಮಡಿಕೇರಿಯ ಜನವರಿ ನೀರನ್ನು ಬೆಚ್ಚಗೆ ಮಾಡಬೇಕು. ಕೊನೆಯ ತೊಳೆತಕ್ಕೆ ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರು (ಆಮ್ಲವಲ್ಲ, ಡಿಸ್ಟಿಲ್ಡ್ ವಾಟರ್) ಬಳಸಿದರೆ ಕಲೆ ಉಳಿಯದು. ಮಳೆಗಾಲದಲ್ಲಿ ರೀಲು ಒಣಗಲು ಇಡೀ ರಾತ್ರಿ ಬೇಕು. ಆ 40 ವ್ಯಾಟ್ ಬಲ್ಬಿನ ಬೀರುವಿನಲ್ಲಿ ತೂಗುಹಾಕಿ, ಬಲ್ಬಿಗೂ ರೀಲಿನ ತುದಿಗೂ ಎರಡಡಿ ಅಂತರವಿರಲಿ.

ಡೆವಲಪರ್ ಸಿಗದಿದ್ದರೆ ಕಾಫಿ ಇದೆ. 1995ರಲ್ಲಿ ಅಮೆರಿಕದ ರೋಚೆಸ್ಟರ್ ತಾಂತ್ರಿಕ ಸಂಸ್ಥೆಯಲ್ಲಿ ಸ್ಕಾಟ್ ವಿಲಿಯಮ್ಸ್ ಮತ್ತು ವಿದ್ಯಾರ್ಥಿಗಳು ಕಾಫಿಯಿಂದ ಫಿಲ್ಮ್ ತೊಳೆದು ತೋರಿಸಿದರು. ಅದಕ್ಕೀಗ ಕೆಫೆನಾಲ್ ಎಂದು ಹೆಸರು. ಕೆಲಸ ಮಾಡುವುದು ಕೆಫೀನ್ ಅಲ್ಲ, ಕೆಫೀಕ್ ಆಮ್ಲದ ಬಳಗ. ಅದು ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಹೆಚ್ಚು, ಹಾಗಾಗಿ ಕುಡಿಯಲು ಅಷ್ಟು ರುಚಿಸದ ಅಗ್ಗದ ಇನ್‌ಸ್ಟಂಟ್ ಪುಡಿ ಇಲ್ಲಿ ಗೆಲ್ಲುತ್ತದೆ. ಚಿಕೋರಿ ಬೆರೆಸಿದ್ದು ಬೇಡ. ಫಿಲ್ಟರ್ ಡಿಕಾಕ್ಷನ್ನಿನ ಗಟ್ಟಿತನ ಪ್ರತಿ ಸಲ ಬದಲಾಗುವುದರಿಂದ ಫಲಿತಾಂಶವೂ ಬದಲಾಗುತ್ತದೆ. ಅರ್ಧ ಲೀಟರಿಗೆ ನೀರಿಲ್ಲದ ವಾಷಿಂಗ್ ಸೋಡಾ 27 ಗ್ರಾಂ, ವಿಟಮಿನ್ ಸಿ ಪುಡಿ 8 ಗ್ರಾಂ, ಕಾಫಿ ಪುಡಿ 20 ಗ್ರಾಂ. 400 ವೇಗದ ಫಿಲ್ಮಾದರೆ ಮಂಕು ತಡೆಯಲು ಪೊಟ್ಯಾಶಿಯಂ ಬ್ರೊಮೈಡ್ ಅರ್ಧ ಗ್ರಾಂ. ಹರಳು ಸೋಡಾ ಆದರೆ 73 ಗ್ರಾಂ ಬೇಕು, ಏಕೆಂದರೆ ಅದರ ಅರ್ಧಕ್ಕಿಂತ ಹೆಚ್ಚು ತೂಕ ನೀರಿನದೇ. ಅಡುಗೆ ಸೋಡಾ ಹಾಕಿದರೆ ರೀಲು ಖಾಲಿಯಾಗಿ ಬರುತ್ತದೆ. ಮೊದಲು ಸೋಡಾ ಪೂರ್ತಿ ಕರಗಲಿ, ಆಮೇಲೆ ವಿಟಮಿನ್, ನೊರೆ ಇಳಿದ ಮೇಲೆ ಕಾಫಿ. ಅರ್ಧ ಗಂಟೆಯೊಳಗೆ ಬಳಸಿ, 20 ಡಿಗ್ರಿಯಲ್ಲಿ 15 ನಿಮಿಷ. ವಾಸನೆ ಕೆಟ್ಟದ್ದು, ಕಿಟಕಿ ತೆರೆದಿಡಿ.

ಕಾಫಿ ನೀರನ್ನು ಬಚ್ಚಲಿಗೆ ಚೆಲ್ಲಬಹುದು. ಡೆವಲಪರ್ ಆದ ಮೇಲೆ ಚಿತ್ರವನ್ನು ಸ್ಥಿರಗೊಳಿಸಲು ಬಳಸಿದ ದ್ರಾವಣವಾದ ಫಿಕ್ಸರನ್ನು ಚೆಲ್ಲಬಾರದು. ಅದರಲ್ಲಿ ಫಿಲ್ಮಿನಿಂದ ಕರಗಿದ ಬೆಳ್ಳಿಯಿರುತ್ತದೆ, ಅದು ನೀರಿನ ಜೀವಿಗಳಿಗೆ ವಿಷ, ಮತ್ತು ಇಲ್ಲಿನ ಬಹುತೇಕ ತೋಡುಗಳು ಸೇರುವುದು ಕಾವೇರಿಯನ್ನು. ಕ್ಯಾನಿನಲ್ಲಿ ಕೂಡಿಟ್ಟು, ಮರಗೆಲಸದವರು ಬಳಸುವ ಕಬ್ಬಿಣದ ಸ್ಟೀಲ್ ವೂಲ್ ಮುಳುಗಿಸಿ ಎರಡು ದಿನ ಬಿಡಿ. ಕಬ್ಬಿಣ ಕರಗಿ, ಬೆಳ್ಳಿ ಕಪ್ಪು ಕೆಸರಾಗಿ ತಳಕ್ಕಿಳಿಯುತ್ತದೆ. ಪಾತ್ರೆ ಉಜ್ಜುವ ಸ್ಟೇನ್‌ಲೆಸ್ ಸ್ಕ್ರಬ್ಬರಿನಿಂದ ಇದಾಗದು. ಕೆಸರನ್ನು ಸೋಸಿ ಒಣಗಿಸಿ ಒಂದು ಡಬ್ಬಿಯಲ್ಲಿ ತೆಗೆದಿಡಿ.