ಹಾರ್ಡ್‌ನಾಟ್ ಕೋಟೆಗೆ ಹೋದರೆ ಹುಲ್ಲನ್ನೂ ನೋಡಿ

ಇಂಗ್ಲೆಂಡಿನ ಕಂಬ್ರಿಯಾದಲ್ಲಿ, ಹಾರ್ಡ್‌ನಾಟ್ ಘಾಟಿಯ ದಾರಿಯಲ್ಲಿ ಒಂದು ಸಣ್ಣ ರೋಮನ್ ಕೋಟೆ ಇದೆ. ಹೋದವರು ಗೋಡೆಯ ಉದ್ದಕ್ಕೂ ಒಂದು ಸುತ್ತು ಬಂದು ಫೋಟೊ ತೆಗೆದು ಹೊರಡುತ್ತಾರೆ. ಒಳಗೆ ಮೂರು ಕಟ್ಟಡಗಳ ಬುಡ ಬಿಟ್ಟರೆ ಬರೀ ಹುಲ್ಲು, ಅಲ್ವಾ? ಅಗೆತದ ಕೆಲಸ ಮಾಡುವ ನನಗೆ ಆ ಹುಲ್ಲೇ ಮುಖ್ಯ.

ಕೋಟೆ ಕಟ್ಟಿದ್ದು ರೋಮನ್ ಚಕ್ರವರ್ತಿ ಹೇಡ್ರಿಯನ್ ಆಳ್ವಿಕೆಯಲ್ಲಿ, ಅಂದರೆ ಕ್ರಿ.ಶ. 117ರಿಂದ 138ರ ನಡುವೆ. ಬಾಗಿಲ ಹತ್ತಿರ ಸಿಕ್ಕ ಶಾಸನದ ಚೂರುಗಳಲ್ಲಿ ಡಾಲ್ಮೇಷಿಯನ್ನರ ನಾಲ್ಕನೇ ತುಕಡಿಯ ಹೆಸರಿದೆ. ಇಂದಿನ ಕ್ರೊಯೇಷಿಯಾ ಕಡೆಯವರು ಇವರು. ಇಂಥ ತುಕಡಿಯಲ್ಲಿ ಲೆಕ್ಕಕ್ಕೆ ಸುಮಾರು 500 ಜನ. ಅಷ್ಟೂ ಜನ ಮಲಗುತ್ತಿದ್ದದ್ದು ಎಲ್ಲಿ? ಈಗ ಖಾಲಿ ಕಾಣುವ ಜಾಗದಲ್ಲೇ. ಅವರ ಸಾಲುಮನೆಗಳು ಮರದವು. ಮರ ಕೊಳೆತು ಹೋಗುತ್ತದೆ, ಆದರೆ ಕಂಬ ನೆಟ್ಟ ಗುಳಿಯ ಮಣ್ಣಿನ ಬಣ್ಣ ಸುತ್ತಲಿನ ಮಣ್ಣಿಗಿಂತ ಬೇರೆಯಾಗಿಯೇ ಉಳಿಯುತ್ತದೆ, ಮೇಲ್ಮಣ್ಣನ್ನು ನಿಧಾನವಾಗಿ ಕೆರೆದು ತೆಗೆದರೆ ಆ ಕಪ್ಪು ಕಲೆಗಳು ಸಾಲಾಗಿ ಕಾಣುತ್ತವೆ, ಅವುಗಳಿಂದಲೇ ನಾವು ಕೋಣೆಯ ಅಳತೆ ಹೇಳುತ್ತೇವೆ. ಹಾಗಾಗಿ ದಯವಿಟ್ಟು ಇಂಥ ಜಾಗದಲ್ಲಿ ಸುಮ್ನೆ ಕೂಡ ನೆಲ ಕೆದಕಬೇಡಿ. ಒಮ್ಮೆ ಕಲಸಿಹೋದ ಮಣ್ಣನ್ನು ಯಾರೂ ಮತ್ತೆ ಓದಲಾರರು.

ಕಲ್ಲಲ್ಲಿ ಕಟ್ಟಿದ್ದು ಮುಖ್ಯ ಕಚೇರಿ, ದಳಪತಿಯ ಮನೆ, ಮತ್ತೆ ಕಣಜ. ನಾನಾದರೆ ಮೊದಲು ಕಣಜದ ಹತ್ತಿರ ನಿಲ್ಲುತ್ತೇನೆ. ಗೋಡೆಗೆ ಹೊರಗಿನಿಂದ ದಪ್ಪ ಕಲ್ಲಿನ ಆಸರೆ ಕೊಟ್ಟಿದ್ದಾರೆ, ನೆಲವನ್ನು ಮೇಲೆತ್ತಿ ಅಡಿಯಲ್ಲಿ ಗಾಳಿ ಆಡುವಂತೆ ಮಾಡಿದ್ದಾರೆ. ಮಳೆ ಇಷ್ಟು ಜಾಸ್ತಿ ಇರುವ ಬೆಟ್ಟದಲ್ಲಿ ಧಾನ್ಯಕ್ಕೆ ತೇವ ಹತ್ತಿದರೆ ತುಕಡಿಗೆ ಊಟವಿಲ್ಲ. ಸೈನಿಕ ಮರದ ಮನೆಯಲ್ಲಿ, ಧಾನ್ಯ ಕಲ್ಲಿನ ಮನೆಯಲ್ಲಿ! ಗಡಿ ಸೈನ್ಯದ ನಿಜವಾದ ಚಿಂತೆ ಏನಿತ್ತು ಅಂತ ನನಗೆ ಇಷ್ಟು ಚೆನ್ನಾಗಿ ಹೇಳುವುದು ಬೇರೆ ಯಾವುದೂ ಇಲ್ಲ.

ಸ್ನಾನದ ಮನೆ ಕೋಟೆಯ ಹೊರಗಿದೆ, ಒಲೆಯ ಬೆಂಕಿ ಮರದ ಮನೆಗಳಿಂದ ದೂರ ಇರಲಿ ಅಂತ. ಪಕ್ಕದಲ್ಲೇ ಬೆವರಿಳಿಸಲು ದುಂಡನೆಯ ಕೋಣೆ ಇದೆ. ಇನ್ನೂ ಸ್ವಲ್ಪ ಮೇಲೆ ಹತ್ತಿದರೆ ಕವಾಯತು ಮೈದಾನ. ಇಳಿಜಾರನ್ನು ಸಮ ಮಾಡಿ ಮಾಡಿದ್ದು. ಬಹಳ ಜನ ಅಲ್ಲಿಗೆ ಹೋಗುವುದೇ ಇಲ್ಲ.

ಗೋಡೆ ನೋಡುವಾಗ ನಡುವೆ ತೆಳು ಸ್ಲೇಟ್ ಕಲ್ಲಿನ ಗೆರೆ ಹುಡುಕಿ. ಅದರ ಕೆಳಗಿನದು ರೋಮನ್ನರು ಕಟ್ಟಿದ್ದು, ಮೇಲಿನದು ಬಿದ್ದ ಕಲ್ಲುಗಳಿಂದ ಈಚೆಗೆ ಮತ್ತೆ ಕಟ್ಟಿದ್ದು.